ಬಾಣಂತಿ ಕೋಣೆಯ ಎಂಟು ಡಿಗ್ರಿ

ಒಲೆಯಿಂದ ಹೊಗೆ ಆರಿದ ಕೆಂಡಗಳನ್ನಷ್ಟೇ ಇಕ್ಕಳದಲ್ಲಿ ಹೆಕ್ಕಿ ಅಗ್ಗಿಷ್ಟಿಕೆಗೆ ಹಾಕಿದೆ. ಮೇಲೆ ಒಂದು ಹಿಡಿ ಬೂದಿ ಉದುರಿಸಿದೆ. ಕಾವು ಒಮ್ಮೆಲೇ ಏಳಬಾರದು, ಮೆಲ್ಲಗೆ ಏಳಬೇಕು. ಕೈಗೆ ಅರಿವೆ ಸುತ್ತಿಕೊಂಡು ಅಗ್ಗಿಷ್ಟಿಕೆಯನ್ನು ಎತ್ತಿ ಹೊಸ್ತಿಲು ದಾಟಿದೆ. ಬಾಣಂತಿಯ ಕೋಣೆಗೆ ಕೆಂಡ ಒಯ್ಯುವಾಗ ಮಾತಾಡಬಾರದು ಎಂಬುದು ಅವ್ವನ ಕಟ್ಟಳೆ. ಅವಳು ಪರದೆಯನ್ನು ಸರಿಸಿ ಹಿಡಿದಳು. ನಾನು ಬಗ್ಗಿ ಅಕ್ಕನ ಹೊರಸಿನ ಕೆಳಗೆ ಅಗ್ಗಿಷ್ಟಿಕೆಯನ್ನು ತಳ್ಳಿದೆ. ಅವ್ವ ಒಂದು ಚಿಟಿಕೆ ಅಜವಾನ ಹಾಕಿದಳು. ಹೊಗೆ ಹಗ್ಗದ ಹೆಣಿಗೆಯ ಸಂದಿನಿಂದ ಮೇಲಕ್ಕೆ ಏರಿತು.

ಅಕ್ಕನ ಕಿವಿಯಲ್ಲಿ ಹತ್ತಿ ಇತ್ತು. ತಲೆಗೆ ಬಿಗಿಯಾಗಿ ಅರಿವೆ ಕಟ್ಟಿತ್ತು. ಅದರ ಅಂಚಿನಿಂದ ಬೆವರು ಇಳಿದು ದಿಂಬು ಒದ್ದೆಯಾಗಿತ್ತು. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಕೂಸಿನ ಕಡೆ ನೋಡಿದಳು. ಮತ್ತೆ ಕಣ್ಣು ಮುಚ್ಚಿದಳು. ಕಿಟಕಿಗೆ ಗೋಣಿಚೀಲ ಹೊಡೆದಿದ್ದೆವು. ಗೋಡೆಯ ಮೇಲಿನ ಪೆಟ್ಟಿಗೆಯ ದೀಪ ಆರಿತ್ತು.

ನಾನು ಹುಟ್ಟುವ ಮೊದಲು ಇಂಥ ಪೆಟ್ಟಿಗೆಗಳು ಇರಲಿಲ್ಲವಂತೆ. ಬೇಸಿಗೆಯೂ ಹೀಗಿರಲಿಲ್ಲವಂತೆ. ಈಗ ಹೋಳಿ ಕಳೆದ ಮೇಲೆ ಹಗಲು ಹೊತ್ತು ಬೀದಿಯಲ್ಲಿ ನಾಯಿ ಕೂಡ ಇರುವುದಿಲ್ಲ. ಅಪ್ಪ ಖಣಿಯಲ್ಲಿ ಕಲ್ಲು ಒಡೆಯುವುದು ರಾತ್ರಿ. ಹಗಲು ಅಲ್ಲೇ ಖಣಿಯ ತಳದ ನೆರಳಿನಲ್ಲಿ ಮಲಗುತ್ತಾನೆ, ಸಂತೆಯ ದಿನ ಮನೆಗೆ ಬರುತ್ತಾನೆ. ಇರುವ ವಿದ್ಯುತ್ತು ಎಲ್ಲರ ತಂಪಿಗೂ ಸಾಲುವುದಿಲ್ಲ. ಅದಕ್ಕೇ ಪ್ರತಿ ಮನೆಗೆ ಒಂದು ಪೆಟ್ಟಿಗೆ ಕೊಟ್ಟರು, ಒಂದು ತಂಪು ಯಂತ್ರ ಕೊಟ್ಟರು. ಪೆಟ್ಟಿಗೆಯೊಳಗೆ ಬೆರಳುದ್ದದ ಹಸಿರು ಹಲಗೆ. ಅದೇ ಅದರ ಮಿದುಳು. ಅದರಿಂದ ಮೂರು ವೈರುಗಳು ಹೊರಬಂದು ಒಂದು ಉಕ್ಕಿನ ತುದಿಯಲ್ಲಿ ಸೇರುತ್ತವೆ. ಬಿಸಿಯನ್ನು ಅಳೆಯುವುದು ಆ ತುದಿ. ನಮ್ಮ ಖಣಿ ಕಾಲೊನಿಯಲ್ಲಿ ಅದನ್ನು ಎಲ್ಲರೂ ನಾಲಿಗೆ ಎನ್ನುತ್ತಾರೆ. ಮನೆಯಲ್ಲಿ ಯಾರು ಎಲ್ಲರಿಗಿಂತ ಅಶಕ್ತರೋ ಅವರು ಮಲಗುವ ಕೋಣೆಯಲ್ಲೇ ನಾಲಿಗೆ ಇರಬೇಕೆಂಬುದು ನಿಯಮ. ಅದು ನಲವತ್ತು ಡಿಗ್ರಿ ಮುಟ್ಟಿದರೆ ಪೆಟ್ಟಿಗೆಯ ದೀಪ ಕೆಂಪಾಗಿ ತಂಪು ಯಂತ್ರಕ್ಕೆ ವಿದ್ಯುತ್ತು ಬರುತ್ತದೆ. ಯಂತ್ರ ಓಡಿದರೂ ಕೆಂಪು ಹೋಗದಿದ್ದರೆ ಕೇಂದ್ರದಿಂದ ಗಾಡಿ ಬರುತ್ತದೆ. ಗಾಡಿಯಲ್ಲಿ ಮಂಜುಗಡ್ಡೆ, ಸಲೈನ್, ಒಬ್ಬ ನರ್ಸಮ್ಮ ಇರುತ್ತಾರೆ.

ಮೊದಲ ವರ್ಷ ಜನ ನಾಲಿಗೆಯ ಕೆಳಗೆ ದೀಪ ಹಚ್ಚಿಟ್ಟರು. ಮದುವೆಯ ಮನೆಯವರು ಶರಬತ್ತಿಗೆ ಮಂಜುಗಡ್ಡೆ ಬೇಕೆಂದು ಗಾಡಿ ಕರೆಸಿದರು. ಅದೇ ಹೊತ್ತಿಗೆ ಇನ್ನೊಂದು ಓಣಿಯಲ್ಲಿ ಒಬ್ಬ ಮುದುಕ ಸತ್ತ. ಆಮೇಲೆ ಹೊಸ ನಿಯಮ ಬಂತು: ಸಾಲಿನಲ್ಲಿ ಯಂತ್ರಗಳು ಓಡದಿರುವಾಗ ಉಳಿದ ಮನೆಗಳಿಗೆ ತಾಳೆಯಾಗದ ಪೆಟ್ಟಿಗೆ ಸುಳ್ಳುಪೆಟ್ಟಿಗೆ. ಅದರ ದೀಪ ಆರುತ್ತದೆ, ವಿದ್ಯುತ್ತೂ ಇಲ್ಲ. ಅಳೆಯುವ ಕೋಣೆಯಲ್ಲಿ ಬೆಂಕಿ ಕಂಡರೆ ಆ ಬೇಸಿಗೆ ಪೂರ್ತಿ ಸಂಪರ್ಕವೇ ಇಲ್ಲ.

ಅವ್ವನಿಗೆ ಇದೆಲ್ಲ ಗೊತ್ತಿತ್ತು. ಆದರೆ ಅವಳ ಲೆಕ್ಕವೇ ಬೇರೆ.

"ಅದು ಬಿಸಿಲಿನ ಬಿಸಿ. ಇದು ಔಷಧದ ಬಿಸಿ. ಎರಡೂ ಒಂದs ಏನು?" ಎನ್ನುತ್ತಿದ್ದಳು. "ಹಸಿ ಮೈಗೆ ಕಾವು ಹಿಡೀಲಿಲ್ಲಂದ್ರ ಮುಂದ ಮುಪ್ಪಿನ್ಯಾಗ ಸೊಂಟ ಹಿಡಿತೈತಿ. ನಿಮ್ಮನ್ನ ಹಡದಾಗ ನಾನೂ ಹಿಂಗs ಮಲಗಿದ್ದೆ."

ಅವ್ವ ನಮ್ಮನ್ನು ಹಡೆದದ್ದು ಬೇರೆ ಕಾಲದಲ್ಲಿ ಎಂದು ನನಗೆ ಅನಿಸುತ್ತಿತ್ತು. 

*

ದೀಪ ಆರಿದ್ದಕ್ಕೆ ಕೇಂದ್ರಕ್ಕೆ ಹೋಗಿ ಹೇಳಿಬರಬೇಕಾದದ್ದು ನಾನೇ. ಸೂರ್ಯ ಏರುವ ಮೊದಲು ಹೋದೆ. ಕೇಂದ್ರ ಹಳೆಯ ಟಾಕೀಸಿನಲ್ಲಿದೆ. ಕಿಟಕಿ ಇಲ್ಲದ ದೊಡ್ಡ ಕಟ್ಟಡ ಊರಿನಲ್ಲಿ ಅದೊಂದೇ. ಮೊದಲು ಪರದೆ ಇದ್ದ ಗೋಡೆಯ ತುಂಬ ಈಗ ಚಿಕ್ಕ ಚಿಕ್ಕ ದೀಪಗಳು, ಮನೆಗೊಂದು. ಬೆಳಗಿನ ಹೊತ್ತಾದ್ದರಿಂದ ಬಹಳಷ್ಟು ಹಸಿರಿದ್ದವು. ಕೆಳಗೆ ಮೇಜಿನ ಮುಂದೆ ಇಂದುಮತಿ ಮೇಡಂ ಕೂತಿದ್ದರು. ಎಂದೂ ಗೋಡೆಯಿಂದ ಪೂರ್ತಿ ಕಣ್ಣು ತೆಗೆಯದೆ ಮಾತಾಡುವ ರೂಢಿ ಅವರಿಗೆ.

"ನಮ್ಮನಿ ದೀಪ ಆರೇತ್ರಿ," ಎಂದೆ.

"ಜ್ವಾರಾಗಿ ಹೇಳವ್ವಾ."

"ದೀಪ ಆರೇತ್ರಿ. ಖಣಿ ಕಾಲೊನಿ, ಕಡೀ ಸಾಲು."

ಅವರು ಒಂದು ಗುಂಡಿ ಒತ್ತಿ ನೋಡಿ ನಕ್ಕರು. "ನಿಮ್ಮ ಸಾಲಿನ್ಯಾಗ ಎಲ್ಲಾರದೂ ಮೂವತ್ತಾರು ಐತಿ. ನಿಮ್ಮದೊಂದs ನಲವತ್ನಾಲ್ಕು. ನಿಮ್ಮನಿಗೊಬ್ಬ ಬ್ಯಾರೆ ಸೂರ್ಯ ಹುಟ್ಟ್ಯಾನೇನು?"

ಪಕ್ಕದ ಮೇಜಿನವರೂ ನಕ್ಕರು. ನಾನು ನೆಲ ನೋಡಿದೆ.

"ನಾಲಗಿ ಬುಡಕ ದೀಪಾ ಗೀಪಾ ಇಟ್ಟಿಲ್ಲ ಹೌದಿಲ್ಲೋ?"

"ಇಲ್ರಿ. ದೀಪ ಇಟ್ಟಿಲ್ರಿ."

"ಮನ್ಯಾಗ ಯಾರದಾರ?"

"ಅಕ್ಕ ಬಾಣಂತಿ ಅದಾಳ್ರಿ."

ಅವರ ನಗು ಹೋಯಿತು. "ಅಯ್ಯ, ಮೊದ್ಲ ಹೇಳಬಾರದೇನು? ನಾಲಗಿ ಕೆಟ್ಟಿರಬೇಕು. ಮಕ್ತುಮ್‌ನ ಈಗs ಕಳಸ್ತೀನಿ, ನಡಿ. ಬಿಸಲ ಏರಾಕತ್ತೈತಿ, ನೆಳ್ಳು ಹಿಡದು ಹೋಗು."

*

ಮಕ್ತುಮಣ್ಣ ಈ ಭಾಗದ ಪೆಟ್ಟಿಗೆಗಳನ್ನೆಲ್ಲ ರಿಪೇರಿ ಮಾಡುವವರು. ಬೈಕು ನಿಲ್ಲಿಸಿ ಒಳಗೆ ಬಂದವರು ಬಾಣಂತಿಯ ಕೋಣೆ ಎಂದು ತಿಳಿದು ಪರದೆಯ ಈಚೆಗೇ ನಿಂತರು. ಗಂಡಸರು ಆ ಕೋಣೆಗೆ ಕಾಲಿಡುವುದಿಲ್ಲ. ನಾಲಿಗೆಯನ್ನು ಹೊರಗೆ ತರುವಂತಿಲ್ಲ, ವೈರು ಗಿಡ್ಡ. ಅವರು ಸ್ವಲ್ಪ ಯೋಚಿಸಿ ನೆಲದ ಮೇಲೆ ಕೂತರು. ಅಂಗೈ ಅಗಲದ ಒಂದು ಸ್ಕ್ರೀನನ್ನು ಮಡಿಲಲ್ಲಿ ಇಟ್ಟುಕೊಂಡರು. ಪೆಟ್ಟಿಗೆ ಏನು ಹೇಳುತ್ತದೋ ಅದು ಅದರಲ್ಲಿ ಕಾಣುತ್ತದೆ.

"ಒಳಗ ಯಾರರ ಸಣ್ಣ ಕೈಯಾಕಿ ಅದಾಳೇನು? ನಾ ಹೇಳ್ದಂಗ ಮಾಡಿದ್ರ ಸಾಕು."

ಅವ್ವ ನನ್ನನ್ನು ಮುಂದೆ ನೂಕಿದಳು. ನಾನು ಸ್ಟೂಲಿನ ಮೇಲೆ ಹತ್ತಿ ನಿಂತೆ.

"ಮುಚ್ಚಳಕ್ಕ ನಾಕು ಸ್ಕ್ರೂ ಅದಾವು ನೋಡು ತಂಗಿ. ಬಿಚ್ಚಿ ಬಾಯಾಗ ಹಿಡಕೋ. ಕೆಳಗ ಬಿದ್ದೂವಂದ್ರ ದಿನಾ ಪೂರ್ತಿ ಹುಡುಕೋದು."

"ಬಾಯಾಗ ಹಿಡಕೊಂಡು ನಿನಗ ಉತ್ರ ಹೆಂಗ ಕೊಡ್ತಾಳಪಾ?" ಎಂದಳು ಅವ್ವ.

ಹೊರಸಿನಿಂದ ಅಕ್ಕನ ದನಿ ಬಂತು. "ಬಾಯಾಗ ಸ್ಕ್ರೂ ಇಲ್ದಾಗೂ ಅಕಿ ಏನ ಮಾತಾಡ್ತಾಳ?"

ಪರದೆಯಾಚೆ ಮಕ್ತುಮಣ್ಣ ನಕ್ಕರು. ಅಕ್ಕನೂ ನಕ್ಕಳು. ಹಡೆದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಚ್ಚಳ ಬಿಚ್ಚಿದೆ. ಕೆಂಪು, ಕಪ್ಪು, ಹಳದಿ ಮೂರು ವೈರುಗಳು ಇವೆ ಎಂದೆ. ಕೆಂಪು ನಾಲಿಗೆಗೆ ಊಟ ಕೊಡುವುದು, ಕಪ್ಪು ಅದನ್ನು ತಿರುಗಿ ಒಯ್ಯುವುದು, ಹಳದಿ ಸುದ್ದಿ ತರುವುದು ಎಂದು ಅವರು ಹೇಳಿದರು. ಕೆಂಪಿಗೂ ಹಳದಿಗೂ ನಡುವೆ ಜೋಳದ ಕಾಳಿನಷ್ಟು ಚಿಕ್ಕದೊಂದು, ಬಣ್ಣದ ಪಟ್ಟೆ ಇರುವಂಥದ್ದು, ಇದೆಯೇ ನೋಡು ಎಂದರು. ಇತ್ತು. ಅದು ಬಿಟ್ಟಿದ್ದರೆ ಹಳದಿ ವೈರಿನ ಸುದ್ದಿ ಕಲಸಿಹೋಗುತ್ತದಂತೆ. ಉಗುರಿನಿಂದ ಅಲುಗಿಸಿ ನೋಡಿದೆ; ಗಟ್ಟಿಯಾಗಿತ್ತು.

"ಹಂಗಾರ ಹಳದಿ ಒಂದಿಷ್ಟು ಕಿತ್ತು ಹಿಡಿ."

ಕಿತ್ತೆ.

"ಹ್ಞಾಂ. ಮೈನಸ್ ನೂರಾ ಇಪ್ಪತ್ತೇಳು. ಹೆದರಬ್ಯಾಡ್ರಿ, ಮನಿ ಬರ್ಫ ಆಗಿಲ್ಲ. ನಾಲಗಿ ಕೈಗೆ ಸಿಗಲಿಲ್ಲಂದ್ರ ಪೆಟ್ಟಿಗಿ ಹಂಗs ಅಂತೈತಿ. ಈಗ ಮೂರೂ ಕಿತ್ತು ತಿರುಗಿ ಹಚ್ಚು."

ಹಚ್ಚಿದೆ.

"ಎಂಬತ್ತೈದು! ಎಲ್ಲಾರೂ ಕುದ್ದು ಬ್ಯಾಳಿ ಆದ್ರಿ!" ಎಂದು ಅವರು ಕೂಗಿದರು. ಅವ್ವ ಗಾಬರಿಯಾಗಿ ಕೂಸನ್ನು ಎತ್ತಿಕೊಂಡಳು. "ಸುಮ್ನ ಅಂದೆ ಯವ್ವಾ. ಈಗ ಎಚ್ಚರ ಆಗೇತಿ ಅದಕ್ಕ, ಇನ್ನೂ ಅಳದಿಲ್ಲ. ನಿದ್ದಿಗಣ್ಣಾಗ ಬಡಬಡಸತೈತಿ. ಈಗ ನೋಡ್ರಿ, ಬಂತು. ನಲವತ್ನಾಲ್ಕು."

ಮತ್ತೆ ಅದೇ ನಲವತ್ನಾಲ್ಕು. ಅವರು ಪರದೆಯ ಕೆಳಗಿನಿಂದ ಒಂದು ಫ್ಲಾಸ್ಕ್ ತಳ್ಳಿದರು. ಅದರಲ್ಲಿ ಮಂಜುಗಡ್ಡೆ ಬೆರೆಸಿದ ನೀರಿತ್ತು. ನಾಲಿಗೆಯನ್ನು ಅದರಲ್ಲಿ ಅದ್ದಿ ಹಿಡಿದೆ. ಸೊನ್ನೆಗೆ ಇಳಿಯಿತು. ಒರೆಸಿ ಕಂಕುಳಲ್ಲಿ ಇಟ್ಟುಕೋ ಎಂದರು. ಗೋಡೆಯ ಕಡೆ ತಿರುಗಿ ಇಟ್ಟುಕೊಂಡೆ. ಮೂವತ್ತಾರೂವರೆ. "ಜ್ವರಾ ಇಲ್ಲ ನಿನಗ," ಎಂದರು. ಮೊಳೆಗೆ ತಿರುಗಿ ನೇತು ಹಾಕಿದೆ. ಮೆಲ್ಲಗೆ ಏರಿ ನಲವತ್ನಾಲ್ಕಕ್ಕೇ ನಿಂತಿತು. ಹೊಸ ನಾಲಿಗೆ ಒಂದನ್ನು ಕೊಟ್ಟರು. ಅದೂ ನಲವತ್ನಾಲ್ಕೇ ಹೇಳಿತು.



"ವೈರು ಚಲೋ ಐತಿ. ನಾಲಗಿ ಚಲೋ ಐತಿ. ಹಲಗಿ ಚಲೋ ಐತಿ," ಎಂದರು ಮಕ್ತುಮಣ್ಣ. "ಯವ್ವಾ, ಒಳಗ ಬೆಂಕಿ ಏನರ ಐತೇನ್ರಿ?"

"ಇಲ್ಲಪಾ," ಎಂದಳು ಅವ್ವ.

ನಾನು ನಿಂತ ಸ್ಟೂಲು ಹೊರಸಿಗೆ ತಾಗಿಯೇ ಇತ್ತು. ಕೆಳಗಿನ ಕಾವು ನನ್ನ ಪಾದಕ್ಕೆ ಬಡಿಯುತ್ತಿತ್ತು. ನಾನು ಅಕ್ಕನ ಕಡೆ ನೋಡಿದೆ. ಅವಳು ಅವ್ವನ ಕಡೆ ನೋಡುತ್ತಿದ್ದಳು. ಸ್ಕ್ರೂಗಳನ್ನು ಆಗಲೇ ಮುಚ್ಚಳಕ್ಕೆ ಹಾಕಿಯಾಗಿತ್ತು. ಬಾಯಿ ಖಾಲಿ ಇತ್ತು. ಬೆಂಕಿ ಎಂದರೆ ಸಂಪರ್ಕ ಹೋಗುತ್ತದೆ. ಇನ್ನೂ ಯುಗಾದಿಯೂ ಆಗಿಲ್ಲ, ಇಡೀ ಬೇಸಿಗೆ ಮುಂದಿದೆ. ನಾನೂ ಸುಮ್ಮನಿದ್ದೆ.

"ಹಂಗಾರ ಮ್ಯಾಲಿನ ತಗಡಿನ ಪತ್ರಾ ಕಾದು ಗ್ವಾಡಿ ಕಾವು ಹಿಡದಿರಬೇಕು. ನಾಲಗಿ ಗ್ವಾಡಿ ಬಿಸಿ ಕುಡ್ಯಾಕತ್ತೈತಿ," ಎಂದರು ಮಕ್ತುಮಣ್ಣ, ತಮಗೆ ತಾವೇ ಹೇಳಿಕೊಂಡಂತೆ. "ಖರೇ ಅಂದ್ರ ನಾ ಇದನ್ನ ಕೆಟ್ಟೈತಂತ ಬರದು ಪ್ಯಾಟಿಗೆ ಕಳಸಬೇಕು. ಬ್ಯಾರೇದು ಬರೂತನಕ ನಿಮಗ ಕರೆಂಟಿಲ್ಲ. ಬಾಣಂತಿ ಮನಿ, ಹಂಗ ಬಿಟ್ಟು ಹೋಗಾಕ ಮನಸ್ಸ ಬರವಲ್ದು. ಎಂಟು ಕಳದುಬಿಡ್ತೀನಿ."

"ಕಳ್ಯೂದಂದ್ರ?" ಎಂದಳು ಅವ್ವ.

"ನಾಲಗಿ ಏನರ ಹೇಳ್ಲಿ, ಹಲಗಿ ಅದರಾಗ ಎಂಟು ಕಳದು ಹೇಳ್ತೈತಿ. ನಲವತ್ನಾಲ್ಕಂದ್ರ ಮೂವತ್ತಾರು. ಸಾಲಿನವ್ರ ಜೋಡಿ ಕೂಡ್ತೈತಿ. ಅವರದು ನಲವತ್ತಾದಾಗ ನಿಮ್ದೂ ಆಗ್ತೈತಿ."

ಅವರು ಮಡಿಲಿನ ಸ್ಕ್ರೀನಿನ ಮೇಲೆ ಏನೋ ಒತ್ತಿದರು. ಪೆಟ್ಟಿಗೆಯ ದೀಪ ಹಸಿರಾಗಿ ಹೊತ್ತಿತು. ಅವ್ವ ಕೈ ಮುಗಿದಳು. ಅಕ್ಕನಿಗೆಂದು ಕಟ್ಟಿದ್ದ ಅಂಟಿನ ಉಂಡಿಗಳಲ್ಲಿ ಎರಡನ್ನು ತಾಟಿನಲ್ಲಿಟ್ಟು ನೀರಿನೊಂದಿಗೆ ಪರದೆಯಾಚೆ ಕಳಿಸಿದಳು. ಒಂದನ್ನು ತಿಂದು, ಇನ್ನೊಂದನ್ನು ಮಗಳಿಗೆಂದು ಕಿಸೆಯಲ್ಲಿ ಇಟ್ಟುಕೊಂಡು ಮಕ್ತುಮಣ್ಣ ಹೋದರು.

*

ಯುಗಾದಿಗೆ ಮೊದಲೇ ಬಿಸಿಗಾಳಿ ಬಂತು. ಅವತ್ತು ಬೆಳಿಗ್ಗೆಯೇ ಗಾಳಿಯ ಬಣ್ಣ ಬದಲಾಗಿತ್ತು. ಬೇವಿನ ಎಲೆ ಅಲುಗಲಿಲ್ಲ. ಒಂದೊಂದೇ ಮನೆಯ ತಂಪು ಯಂತ್ರ ಗುಂಯ್ ಎಂದು ಶುರುವಾಗುವುದು ನನಗೆ ಕೇಳಿಸಿತು. ಮೊದಲು ಮುಂದಿನ ಸಾಲು, ಆಮೇಲೆ ನಮ್ಮ ಸಾಲು. ಪಕ್ಕದ ಕಸ್ತೂರಿ ಕಾಕುವಿನ ಯಂತ್ರವೂ ಶುರುವಾಯಿತು. ನಮ್ಮದು ಆಗಲಿಲ್ಲ.

ಕೋಣೆಗೆ ಹೋಗಿ ನೋಡಿದೆ. ದೀಪ ಹಸಿರಾಗಿತ್ತು. ಪೆಟ್ಟಿಗೆಯ ಮೇಲೆ ಮೂವತ್ತೊಂಬತ್ತು ಎಂದಿತ್ತು. ಹೊರಸಿನ ಕೆಳಗೆ ಬೆಳಗಿನ ಕೆಂಡ ಇನ್ನೂ ಕೆಂಪಗಿತ್ತು. ಮೂವತ್ತೊಂಬತ್ತಕ್ಕೆ ಎಂಟು ಕೂಡಿಸಿದೆ. ಮತ್ತೊಮ್ಮೆ ಕೂಡಿಸಿದೆ. ಆಮೇಲೆ ಯಾರನ್ನೂ ಕೇಳದೆ ಅಗ್ಗಿಷ್ಟಿಕೆಯನ್ನು ಹೊರಗೆ ಎಳೆದೆ.

ಅವ್ವ ನನ್ನ ರಟ್ಟೆ ಹಿಡಿದಳು. "ಯಾಕ ತಗೀತಿ? ಸಂಜಿ ಆಗಿಲ್ಲ."

"ಅಕ್ಕ ಬೇಯಾಕತ್ತಾಳ."

"ಬಾಣಂತಿ ಬೆವರಬೇಕು."

"ಬೆವರ ಎಲ್ಲೈತಿ? ಕೈ ಇಟ್ಟು ನೋಡು."

ಅವ್ವ ಅಕ್ಕನ ಹಣೆಯ ಮೇಲೆ ಕೈ ಇಟ್ಟಳು. ಹಣೆ ಒಣಗಿತ್ತು. ಅವಳು ಕೈ ಹಿಂದೆ ತೆಗೆದುಕೊಂಡು ನನ್ನ ರಟ್ಟೆಯನ್ನು ಬಿಟ್ಟಳು.

ಕೆಂಡ ಹೊರಗೆ ಹೋದ ಮೇಲೆ ಪೆಟ್ಟಿಗೆಯ ಅಂಕಿ ಇಳಿಯಿತು. ಮೂವತ್ತೈದಾಯಿತು. ಆದರೆ ತಲೆಯ ಮೇಲೆ ಪತ್ರಾ ಕಾಯುತ್ತಲೇ ಇತ್ತು. ಮಧ್ಯಾಹ್ನಕ್ಕೆ ಮೂವತ್ತೆಂಟಕ್ಕೆ ಬಂದು ಅಲ್ಲೇ ನಿಂತಿತು. ನಮ್ಮ ಯಂತ್ರ ಓಡಬೇಕಾದರೆ ಕೋಣೆ ನಲವತ್ತೆಂಟಾಗಬೇಕು. ಒಂದು ಕೆಂಡವನ್ನು ಇಕ್ಕಳದಲ್ಲಿ ಹಿಡಿದು ನಾಲಿಗೆಯ ಹತ್ತಿರ ಒಯ್ದೆ. ಅಂಕಿ ನೆಗೆಯಿತು, ದೀಪ ಕೆಂಪಾಗಲಿಲ್ಲ, ಆರಿಹೋಯಿತು. ಹೀಗೆ ಒಮ್ಮೆಲೇ ನೆಗೆಯುವುದನ್ನು ಪೆಟ್ಟಿಗೆಗಳು ಊರಿನವರಿಂದ ಎಂದೋ ಕಲಿತಿದ್ದವು. ಕೆಂಡ ಸರಿಸಿದ ಮೇಲೆ ಮತ್ತೆ ಹಸಿರಾಯಿತು.

ಅಕ್ಕ ಏನೇನೋ ಮಾತಾಡತೊಡಗಿದಳು. ಗಂಡನ ಊರಿನ ಬಾವಿ ತುಂಬಿದೆ, ಹಗ್ಗ ಕೊಡು ಎಂದಳು. ನಾನು ಕಸ್ತೂರಿ ಕಾಕುವಿನ ಬಾಗಿಲು ಬಡಿದೆ. ಪುರುಡು ಇನ್ನೂ ಕಳೆದಿರಲಿಲ್ಲ. ಕಾಕು ದಿನಾ ಮಡಿಯಲ್ಲಿ ಪೂಜೆ ಮಾಡುವವಳು. ಬಾಗಿಲಲ್ಲಿ ಒಂದು ಗಳಿಗೆ ನಿಂತು ನನ್ನ ಮುಖ ನೋಡಿದಳು.

"ಮೈಲಿಗಿ ಆಮ್ಯಾಲೆ ತೊಳಕೊಂಡ್ರಾತು. ಕೂಸಿನ್ನ ಮೊದ್ಲ ಕೊಡು ಇಲ್ಲೆ," ಎಂದಳು. "ಅಕಿನ್ನ ಹೊರಸು ಸಮೇತ ತರೂಣು, ನಡಿ."

ಮೂವರೂ ಸೇರಿ ಹೊತ್ತೆವು. ತಲೆಯ ಅರಿವೆ ಬಿಚ್ಚಿ, ಕಿವಿಯ ಹತ್ತಿ ತೆಗೆದು, ಕಾಕುವಿನ ಯಂತ್ರದ ಎದುರಿಗೆ ಮಲಗಿಸಿ ಒದ್ದೆ ಅರಿವೆ ಹೊದಿಸಿದೆವು. ಕೂಸು ಅಳತೊಡಗಿತು. ಅದರ ಅಳು ಕೇಳಿ ಅವ್ವನಿಗೆ ಸ್ವಲ್ಪ ಧೈರ್ಯ ಬಂತು. ಅಕ್ಕ ಏಳಲಿಲ್ಲ. ನೀರು ಕಟಬಾಯಿಯಿಂದ ಹೊರಗೆ ಹರಿಯಿತು.

"ಸಲೈನ್ ಬೇಕವ್ವಾ ಇಕಿಗೆ. ಗಾಡಿ ಬೇಕು," ಎಂದಳು ಕಾಕು. ತನ್ನ ಗೋಡೆಯ ಪೆಟ್ಟಿಗೆಯ ಕಡೆ ನೋಡಿದಳು. ಯಂತ್ರ ಓಡಿ ಅವಳ ಮನೆಯೂ ಹಸಿರಾಗಿತ್ತು. ಬಿಸಿ ಏರಿದ ಹೊತ್ತಿನಲ್ಲಿ ಫೋನುಗಳು ಸತ್ತಿರುತ್ತವೆ. ಅವ್ವ ನೆಲದ ಮೇಲೆ ಕೂತು ಅಕ್ಕನ ಅಂಗಾಲು ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ.

ನಾನು ಒದ್ದೆ ಗೋಣಿಚೀಲ ತಲೆಗೆ ಹಾಕಿಕೊಂಡು ಓಡಿದೆ.

*

ಟಾಕೀಸಿನ ಒಳಗೆ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಗೋಡೆಯ ತುಂಬ ಕೆಂಪು. ಖಣಿ ಕಾಲೊನಿಯ ಕಡೆಯ ಸಾಲು ಮಾತ್ರ ಹಸಿರು, ನಮ್ಮ ಮನೆಯೂ ಸೇರಿ.

"ಗಾಡಿ ಬೇಕ್ರಿ," ಎಂದೆ.  ಮೇಜಿನ ಅಂಚು ಹಿಡಿದು ಮತ್ತೆ ಹೇಳಿದೆ. "ನಮ್ಮಕ್ಕ ಏಳವಲ್ಲಳು. ಗಾಡಿ ಕಳಸ್ರಿ."

ಇಂದುಮತಿ ಮೇಡಂ ನನ್ನ ಗುರುತು ಹಿಡಿದರು. ನೀರಿನ ಗ್ಲಾಸನ್ನು ನನ್ನ ಕಡೆ ಸರಿಸಿದರು. "ಗಾಡಿ ನಾ ಕಳಸಂಗಿಲ್ಲವ್ವಾ, ಈ ಗ್ವಾಡಿ ಕಳಸತೈತಿ. ಕೆಂಪಿದ್ದಲ್ಲೆ ತಾನs ಹೋಗ್ತೈತಿ. ನಿಮ್ಮ ಸಾಲೆಲ್ಲಾ ಹಸರೈತಿ. ನೋಡಿಲ್ಲೆ, ನಿಮ್ಮನಿ ಮೂವತ್ತೆಂಟು."

"ಅದು ಮೂವತ್ತೆಂಟಲ್ರಿ. ನಲವತ್ತಾರು. ಎಂಟು ಕಳದಾರ."

"ಯಾರು?"

"ಮಕ್ತುಮಣ್ಣಾರು."

ಅವರು ಮೊದಲ ಸಲ ಗೋಡೆಯಿಂದ ಪೂರ್ತಿ ಕಣ್ಣು ತೆಗೆದು ನನ್ನನ್ನು ನೋಡಿದರು. ಪಕ್ಕದ ಮೇಜಿನವರನ್ನು ಕರೆದು ಏನೋ ಕೇಳಿದರು. ಇಲ್ಲಿಂದ ಆಗುವುದಿಲ್ಲ ಎಂದು ಅವರು ತಲೆಯಾಡಿಸಿದರು. ಹಲಗೆಗೆ ಹಾಕಿದ ಲೆಕ್ಕವನ್ನು ತೆಗೆಯುವುದು ಹಾಕಿದವರ ಸ್ಕ್ರೀನಿನಿಂದ ಮಾತ್ರ. ಮಕ್ತುಮಣ್ಣ ಬೆಳಿಗ್ಗೆಯೇ ಹೊಳೆಯಾಚೆಯ ಹಳ್ಳಿಗಳಿಗೆ ಹೋಗಿದ್ದರು. ಇವತ್ತು ಅಲ್ಲಿಯೂ ಪೆಟ್ಟಿಗೆಗಳು ಒಂದಾದ ಮೇಲೊಂದು ಆರುತ್ತಿದ್ದವು.

ಮೇಡಂ ಒಂದು ವೈರ್‌ಲೆಸ್ ಸೆಟ್ಟನ್ನು ನನ್ನ ಕೈಗೆ ಕೊಟ್ಟರು. "ಅವನ ಹಂತ್ಯಾಕ ಇದರ ಜೋಡಿದೈತಿ. ನಾ ಮುಂಜಾನಿಂದ ಕರ್ಯಾಕತ್ತೀನಿ. ನೀನೂ ಕರಿ. ಗುಂಡಿ ಒತ್ತಿ ಮಾತಾಡು, ಬಿಟ್ಟ ಮ್ಯಾಲೆ ಅವನ ದನಿ ಬರತೈತಿ. ಏನೇನಾತು ಎಲ್ಲಾ ಹೇಳು."

ಅಲ್ಲಿದ್ದವರೆಲ್ಲ ನನ್ನ ಕಡೆ ನೋಡುತ್ತಿದ್ದರು. ಗುಂಡಿ ಒತ್ತಿದೆ.

"ಮಕ್ತುಮಣ್ಣಾರ, ನಾನು ಖಣಿ ಕಾಲೊನಿ ಬಾಣಂತಿ ಮನಿಯಾಕಿ. ಅವತ್ತು ಖೋಲ್ಯಾಗ ಕೆಂಡ ಇದ್ದೂರಿ. ಹೊರಸಿನ ಬುಡಕ. ನಾನs ಇಟ್ಟಿದ್ದೆ. ನಿಮ್ಮ ನಾಲಗಿ ಖರೇ ಹೇಳಿತ್ರಿ. ಈಗ ಕೆಂಡ ಇಲ್ಲ, ಎಲ್ಲಾ ತಗದೀವಿ. ಅಕ್ಕ ಕಣ್ಣ ತಗೀವಲ್ಲಳು. ನೀವು ಕಳದ ಎಂಟು ತಿರುಗಿ ಕೂಡಸ್ರಿ. ನಮ್ಮನಿ ಕೆಂಪಾಗ್ತೈತಿ, ಗಾಡಿ ಬರತೈತಿ."

ಗುಂಡಿಯಿಂದ ಬೆರಳು ತೆಗೆದು ಸೆಟ್ಟನ್ನು ಕಿವಿಗೆ ಹಿಡಿದೆ. ಮೇಡಂ ತಿರುಗಿ ಗೋಡೆಯ ಕಡೆ ನೋಡಿದರು. ಇನ್ನೊಂದು ಓಣಿ ಕೆಂಪಾಯಿತು. ಬೆವರಿನ ಕೈಯಲ್ಲಿ ಸೆಟ್ಟು ಜಾರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಮತ್ತೆ ಒತ್ತಿದೆ.

"ಎಂಟು ಕೂಡಸ್ರಿ, ಅಣ್ಣಾರ."